ಸಿಡುಬಿನ ಲಕ್ಷಣ: ದಿನಗಳ ಲೆಕ್ಕ, ಬೊಕ್ಕೆ ಬೀಳುವ ಜಾಗ, ಚಿಕನ್‌ಪಾಕ್ಸ್‌ಗಿಂತ ಹೇಗೆ ಬೇರೆ?

ಫಲಕ_ಡೊಂಬಿವಲಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯಲ್ಲಿ ನಮ್ಮ ಕನ್ನಡ ಬಳಗದವರು ಇಡುವ ಆರೋಗ್ಯ ಪ್ರದರ್ಶನಕ್ಕೆ ಸಿಡುಬಿನ ಫಲಕ ಬರೆಯುತ್ತಿದ್ದೇನೆ. ಲಸಿಕೆಯ ಭಾಗ ಮುಗಿದಿದೆ. ಬಾಗ್ದಾದ್, ಬಸ್ರಾ ದಾರಿಯಾಗಿ ತೋಳಿನಿಂದ ತೋಳಿಗೆ ದಾಟಿಸುತ್ತ ತಂದ ಲಸಿಕೆಯನ್ನು 1802ರ ಜೂನ್ 14ರಂದು ಮುಂಬೈಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಹಾಕಿದ್ದು, 1977ರ ಅಕ್ಟೋಬರ್‌ನಲ್ಲಿ ಸೊಮಾಲಿಯಾದಲ್ಲಿ ಕಂಡ ಕೊನೆಯ ಸಹಜ ಪ್ರಕರಣ, 1980ರ ಮೇ 8ರ ನಿರ್ಮೂಲನೆಯ ಘೋಷಣೆ, ಇವೆಲ್ಲ ಅದರಲ್ಲಿವೆ.

ಲಕ್ಷಣಗಳ ಭಾಗಕ್ಕೆ ನಿಮ್ಮ ನೆರವು ಬೇಕು. "ಜ್ವರ, ಮೈಮೇಲೆ ಗುಳ್ಳೆ, ಆಮೇಲೆ ಕಲೆ" ಎಂದು ಬರೆದರೆ ಅದು ಚಿಕನ್‌ಪಾಕ್ಸ್‌ಗೂ ಹೊಂದುತ್ತದೆ. ಓದುವವರಲ್ಲಿ ಅರ್ಧ ಜನ ಮನೆಯಲ್ಲಿ ಎರಡಕ್ಕೂ "ಅಮ್ಮ" ಎಂದೇ ಹೇಳುವವರು. ಹಾಗಾಗಿ ಸಿಡುಬಿಗೆ ಮಾತ್ರ ಹೊಂದುವಂತೆ ಬರೆಯಬೇಕು. ಯಾವ ದಿನ ಏನಾಗುತ್ತದೆ, ಬೊಕ್ಕೆ ಎಲ್ಲಿ ಮೊದಲು ಕಾಣುತ್ತದೆ, ಕೈಯಿಂದ ಮುಟ್ಟಿದರೆ ಹೇಗಿರುತ್ತದೆ, ಯಾವಾಗಿನಿಂದ ಯಾವಾಗಿನವರೆಗೆ ಅಂಟುತ್ತದೆ? ಬೊಕ್ಕೆ ಏಳುವ ಮೊದಲೇ ಸಾಯುತ್ತಿದ್ದರು ಎಂದು ಒಂದು ಕಡೆ ಓದಿದೆ, ಅದು ನಿಜವೇ? ಎರಡು ಫಲಕದಷ್ಟು ಜಾಗ ಇದೆ, ವಿವರವಾಗಿಯೇ ತಿಳಿಸಿ.

ಸೋಂಕುರೋಗ_ಪುಣೆ:

ಒಳ್ಳೆಯ ಪ್ರಶ್ನೆ. ಫಲಕದಲ್ಲಿ ದಿನಗಳನ್ನು ಬರೆಯುವಾಗ ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ: ದಿನವನ್ನು ಜ್ವರ ಬಂದಲ್ಲಿಂದ ಎಣಿಸುತ್ತೀರೋ, ದದ್ದು ಕಂಡಲ್ಲಿಂದಲೋ? ಹಳೆಯ ಪುಸ್ತಕಗಳಲ್ಲಿ ಎರಡೂ ಲೆಕ್ಕ ಇವೆ. ಒಂದರ "ಏಳನೇ ದಿನ" ಇನ್ನೊಂದರ ಹತ್ತನೇ ದಿನ ಆಗಿಬಿಡುತ್ತದೆ. ನಾನು ಕೆಳಗೆ ದದ್ದು ಕಂಡ ದಿನವನ್ನೇ ಮೊದಲ ದಿನ ಎಂದು ಹಿಡಿದಿದ್ದೇನೆ.

ವೈರಾಣು ಮೈಗೆ ಹೊಕ್ಕ ಮೇಲೆ ಸಾಮಾನ್ಯವಾಗಿ 10ರಿಂದ 14 ದಿನ ಏನೂ ಗೊತ್ತಾಗುವುದಿಲ್ಲ. ಕೆಲವರಲ್ಲಿ 7 ದಿನಕ್ಕೇ ಶುರುವಾಗುತ್ತದೆ, ಕೆಲವರಲ್ಲಿ 19 ದಿನದವರೆಗೆ ಎಳೆಯುತ್ತದೆ. ಈ ಅವಧಿಯಲ್ಲಿ ಮನುಷ್ಯ ಓಡಾಡಿಕೊಂಡು ಚೆನ್ನಾಗಿಯೇ ಇರುತ್ತಾನೆ, ಅವನಿಂದ ಯಾರಿಗೂ ಅಂಟುವುದಿಲ್ಲ.

ಆಮೇಲೆ ಇದ್ದಕ್ಕಿದ್ದಂತೆ ಜ್ವರ. 101ರಿಂದ 104 ಡಿಗ್ರಿ ಫ್ಯಾರನ್‌ಹೀಟ್, ಚಳಿನಡುಕ, ತಲೆ ಸಿಡಿತ, ಸೊಂಟ ಮುರಿದುಹೋಗುವಂಥ ನೋವು, ಹಲವರಿಗೆ ವಾಂತಿ, ಕೆಲವರಿಗೆ ಜೋರು ಹೊಟ್ಟೆನೋವು. ಇದು 2ರಿಂದ 4 ದಿನ ಇರುತ್ತದೆ. ಈ ಹಂತದಲ್ಲಿ ರೋಗಿ ಎದ್ದು ಕೂರಲಾರದಷ್ಟು ಸೋತುಹೋಗುತ್ತಾನೆ ಎಂಬುದನ್ನು ಫಲಕದಲ್ಲಿ ಬಿಡಬೇಡಿ. ಚಿಕನ್‌ಪಾಕ್ಸ್ ಬಂದ ಮಗು ಗುಳ್ಳೆ ಏಳುವ ಮುನ್ನಾದಿನ ಆಡಿಕೊಂಡಿರಬಹುದು. ಸಿಡುಬಿನ ರೋಗಿ ದದ್ದು ಬರುವ ಮೊದಲೇ ಹಾಸಿಗೆ ಹಿಡಿದಿರುತ್ತಾನೆ. ಬರೀ ಜ್ವರ ನೋಡಿ ಮಾತ್ರ ಯಾರೂ ಸಿಡುಬು ಎಂದು ಹೇಳಲಾಗುತ್ತಿರಲಿಲ್ಲ, ಮಲೇರಿಯಾವೋ ಟೈಫಾಯಿಡ್ಡೋ ಎಂದೇ ಅನುಮಾನ ಬರುತ್ತಿತ್ತು.

ಮೈಮೇಲೆ ಏಳುವ ಸುಮಾರು ಒಂದು ದಿನ ಮೊದಲು ನಾಲಗೆ, ಅಂಗುಳ, ಗಂಟಲಿನಲ್ಲಿ ಸಣ್ಣ ಕೆಂಪು ಚುಕ್ಕೆಗಳು ಏಳುತ್ತವೆ. ಒದ್ದೆ ಜಾಗವಾದ್ದರಿಂದ ಅವು ಬೇಗ ಒಡೆದು ಹುಣ್ಣಾಗುತ್ತವೆ. ಎಂಜಲಿನಲ್ಲಿ ವೈರಾಣು ತುಂಬಿಕೊಳ್ಳುವುದು ಇಲ್ಲಿಂದಲೇ.

1ನೇ ದಿನ: ಮುಖದ ಮೇಲೆ, ಅದರಲ್ಲೂ ಹಣೆಯ ಮೇಲೆ, ಮತ್ತು ಮುಂಗೈಗಳ ಮೇಲೆ ಚಪ್ಪಟೆ ಕೆಂಪು ಕಲೆ. 24 ಗಂಟೆಯೊಳಗೆ ಮೈ, ಕಾಲು, ಕೊನೆಗೆ ಅಂಗೈ ಅಂಗಾಲಿಗೂ ಬರುತ್ತದೆ. ಜ್ವರ ಇಳಿದು ರೋಗಿಗೆ ಹಾಯೆನಿಸುತ್ತದೆ. ಮನೆಯವರಿಗೆ ಇನ್ನು ವಾಸಿಯಾಯಿತು ಅನ್ನಿಸುವುದು ಇದೇ ಹೊತ್ತಿಗೆ.

2–3ನೇ ದಿನ: ಕಲೆಗಳು ಉಬ್ಬಿ ಗಟ್ಟಿ ಗಂಟಾಗುತ್ತವೆ.

4–5ನೇ ದಿನ: ಒಳಗೆ ಮಬ್ಬು ಬಣ್ಣದ ದ್ರವ ತುಂಬುತ್ತದೆ, ಎಷ್ಟೋ ಬೊಕ್ಕೆಗಳ ನಡುವೆ ಹೊಕ್ಕುಳಿನಂಥ ತಗ್ಗು ಕಾಣುತ್ತದೆ. ಇಲ್ಲಿ ಜ್ವರ ಮತ್ತೆ ಏರುತ್ತದೆ.

6–10ನೇ ದಿನ: ಕೀವು. ಬೊಕ್ಕೆ ದುಂಡಗೆ, ಬಿಗಿಯಾಗಿ, ಆಳದಲ್ಲಿ ಕೂತಿರುತ್ತದೆ. ಮುಖ ಊದಿ ಕಣ್ಣು ಬಿಡಲಾಗುವುದಿಲ್ಲ, ಗಂಟಲ ಹುಣ್ಣಿನಿಂದ ನೀರು ನುಂಗುವುದೂ ಕಷ್ಟ. ಜ್ವರ ಬಿಡುವುದಿಲ್ಲ. ಸಾವು ಬಂದರೆ ಸಾಮಾನ್ಯವಾಗಿ ಎರಡನೇ ವಾರದಲ್ಲೇ ಬರುತ್ತಿತ್ತು.

ಎರಡನೇ ವಾರದ ಕೊನೆಯ ಹೊತ್ತಿಗೆ ಹೆಚ್ಚಿನ ಬೊಕ್ಕೆಗಳು ಒಣಗಿ ಹಕ್ಕಳೆ ಕಟ್ಟುತ್ತವೆ. ಮೂರನೇ ವಾರದಲ್ಲಿ ಹಕ್ಕಳೆ ಉದುರುತ್ತದೆ. ಅಂಗೈ ಅಂಗಾಲಿನ ಚರ್ಮ ದಪ್ಪ, ಅಲ್ಲಿನವು ಒಳಗೇ ಒಣಗಿ ಕಪ್ಪು ಬೀಜದಂತೆ ಉಳಿದು ಎಲ್ಲಕ್ಕಿಂತ ಕೊನೆಗೆ ಹೋಗುತ್ತವೆ.

ಜ್ವರದ ಚಾರ್ಟ್ ಒಂದನ್ನು ಫಲಕದಲ್ಲಿ ಬಿಡಿಸಿ. ಏರಿ, ದದ್ದಿನ ದಿನ ಇಳಿದು, ಕೀವಿನ ದಿನ ಮತ್ತೆ ಏರುವ ಆ ಗೆರೆ ನೂರು ಮಾತಿನ ಕೆಲಸ ಮಾಡುತ್ತದೆ.

ಶುಶ್ರೂಷೆ_ಪಣಜಿ:

ಮೇಲಿನ ಡಾಕ್ಟರು ದಿನಗಳನ್ನು ಪೂರ್ತಿ ಹೇಳಿದ್ದಾರೆ. ನರ್ಸಿಂಗ್ ಮಕ್ಕಳಿಗೆ ಹೇಳಿಕೊಡುವಾಗ ನಾನು ಒತ್ತಿ ಹೇಳುವುದು ಪರೀಕ್ಷೆ ಮಾಡುವ ರೀತಿಯನ್ನು.

ಒಂದೇ ಬೊಕ್ಕೆಯನ್ನು ದಿಟ್ಟಿಸಿ ನೋಡಿದರೆ ಏನೂ ತೀರ್ಮಾನವಾಗುವುದಿಲ್ಲ. ರೋಗಿಯನ್ನು ಬೆಳಕಿಗೆ ತಂದು, ಅಂಗಿ ಬಿಚ್ಚಿಸಿ, ಮೈಪೂರ್ತಿ ನೋಡಬೇಕು. ಸಿಡುಬು ತುದಿಗಳಲ್ಲಿ ದಟ್ಟ: ಮುಖ, ಮುಂಗೈ, ಮೊಣಕಾಲ ಕೆಳಗೆ. ಹೊಟ್ಟೆಯ ಮೇಲೆ ಕಡಿಮೆ, ಎದೆಗಿಂತ ಬೆನ್ನಿನಲ್ಲಿ ಹೆಚ್ಚು. ಚಿಕನ್‌ಪಾಕ್ಸ್ ಉಲ್ಟಾ, ಎದೆ-ಹೊಟ್ಟೆ-ಬೆನ್ನಿನಲ್ಲಿ ದಟ್ಟವಾಗಿದ್ದು ಕೈಕಾಲಿನ ತುದಿಗೆ ಹೋದಂತೆ ವಿರಳ. ತೋಳನ್ನು ಮೇಲೆತ್ತಿಸಿ ಕಂಕುಳು ನೋಡಿ. ಸಿಡುಬು ಕಂಕುಳಿನ ಗುಳಿಯನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ, ಚಿಕನ್‌ಪಾಕ್ಸ್ ಬಿಡುವುದಿಲ್ಲ. ಬಟ್ಟೆಯ ಉಜ್ಜಾಟ, ಒತ್ತಡ ಇರುವ ಕಡೆ ಸಿಡುಬಿನ ಬೊಕ್ಕೆ ಜಾಸ್ತಿ ಏಳುತ್ತದೆ, ಒಳಗೆ ಮರೆಯಾಗಿರುವ ಮಡಿಕೆಗಳಲ್ಲಿ ಕಡಿಮೆ.

ಆಮೇಲೆ ಒಂದೇ ಜಾಗವನ್ನು, ಉದಾಹರಣೆಗೆ ಎಡ ಮುಂಗೈಯನ್ನು, ಪೂರ್ತಿ ನೋಡಿ. ಸಿಡುಬಾದರೆ ಆ ಮುಂಗೈಯ ಬೊಕ್ಕೆಗಳೆಲ್ಲ ಒಂದೇ ವಯಸ್ಸಿನವು: ಎಲ್ಲವೂ ಗಂಟು, ಇಲ್ಲವೇ ಎಲ್ಲವೂ ಕೀವು. ಚಿಕನ್‌ಪಾಕ್ಸ್ ಕಂತು ಕಂತಾಗಿ ಏಳುತ್ತದೆ. ಅಂಗೈಯಗಲ ಜಾಗದಲ್ಲಿ ಒಂದು ಕೆಂಪು ಚುಕ್ಕೆ, ಒಂದು ನೀರುಗುಳ್ಳೆ, ಪಕ್ಕದಲ್ಲೇ ಒಣಗಿದ ಹಕ್ಕಳೆ, ಮೂರೂ ಸಿಗುತ್ತವೆ. ಹಾಗೆ ಮೂರೂ ಒಟ್ಟಿಗೆ ಕಂಡರೆ ಅದು ಸಿಡುಬಲ್ಲ.

ಇನ್ನು ಮುಟ್ಟಿ ನೋಡುವುದು. ಗ್ಲೌಸ್ ಹಾಕಿದ ಬೆರಳನ್ನು ಮೆಲ್ಲಗೆ ಆಡಿಸಿದರೆ ಸಿಡುಬಿನ ಬೊಕ್ಕೆ ಚರ್ಮದೊಳಗೆ ಬಟಾಣಿ ಹುದುಗಿಸಿದ ಹಾಗೆ ತಾಕುತ್ತದೆ. ಚಿಕನ್‌ಪಾಕ್ಸ್‌ನದು ತೆಳ್ಳನೆಯ ಪೊರೆಯ ನೀರುಗುಳ್ಳೆ, ಚರ್ಮದ ಮೇಲೆ ಕೂತಿರುತ್ತದೆ, ಬಟ್ಟೆ ತಾಗಿದರೂ ಒಡೆಯುತ್ತದೆ. ಹಿಂದಿನವರು ಸೂಜಿಯಿಂದ ಚುಚ್ಚಿಯೂ ನೋಡುತ್ತಿದ್ದರು. ಚಿಕನ್‌ಪಾಕ್ಸ್‌ನ ಗುಳ್ಳೆ ಒಂದೇ ಕೋಣೆಯದು, ಚುಚ್ಚಿದರೆ ಕುಸಿಯುತ್ತದೆ. ಸಿಡುಬಿನದರ ಒಳಗೆ ಹಲವು ಅಡ್ಡಪೊರೆಗಳು, ಚುಚ್ಚಿದರೂ ಪೂರ್ತಿ ಕುಸಿಯುವುದಿಲ್ಲ. ಈ ಚುಚ್ಚುವ ವಿಷಯ ಫಲಕದಲ್ಲಿ ಹಾಕಬೇಡಿ, ಯಾರಾದರೂ ಮನೆಯಲ್ಲಿ ಮಗುವಿನ ಗುಳ್ಳೆಗೆ ಪಿನ್ನು ಚುಚ್ಚಿಯಾರು.

ವೇಗವೂ ಬೇರೆ. ಚಿಕನ್‌ಪಾಕ್ಸ್‌ನ ಒಂದು ಚುಕ್ಕೆ ಗುಳ್ಳೆಯಾಗಿ ಒಣಗತೊಡಗುವುದಕ್ಕೆ ಸುಮಾರು ಒಂದು ದಿನ ಸಾಕು. ಸಿಡುಬಿನಲ್ಲಿ ಒಂದೊಂದು ಹಂತಕ್ಕೇ ಒಂದೆರಡು ದಿನ ಬೇಕು. ಅನುಮಾನ ಇದ್ದಾಗ ಒಂದು ಮುಂಗೈಯ ನಾಲ್ಕೈದು ಬೊಕ್ಕೆ ಗುರುತಿಟ್ಟುಕೊಂಡು 24 ಗಂಟೆ ಬಿಟ್ಟು ಮತ್ತೆ ನೋಡುವುದು ಒಳ್ಳೆಯ ಕ್ರಮ.

ಆರೋಗ್ಯ_ಪಿಂಪ್ರಿ:

ಬೊಕ್ಕೆ ಏಳೂಕ್ಕಿಂತ ಮೊದಲ ಸಾಯ್ತಿದ್ರೇನು ಅಂತ ಕೇಳಿದ್ದೀರಿ. ಹೌದ್ರೀ, ಸಾಯ್ತಿದ್ರು. ಮ್ಯಾಲೆ ಇಬ್ಬರೂ ಹೇಳಿದ್ದು ಸಾಮಾನ್ಯ ಸಿಡುಬು, ಹತ್ತರಾಗ ಒಂಬತ್ತು ಮಂದಿಗೆ ಬರೂದು ಅದ. ಉಳಿದ ತರಹಗಳನ್ನೂ ಫಲಕದಾಗ ಒಂದು ಮೂಲ್ಯಾಗರ ಹಾಕ್ರಿ, ಯಾಕಂದ್ರ ದವಾಖಾನಿಯೊಳಗ ಮೋಸ ಹೋಗಿದ್ದು ಅಲ್ಲೇ.

ಒಂದು, ರಕ್ತಸ್ರಾವದ ಸಿಡುಬು. ಜ್ವರದ ಜೋಡಿನ ಚರ್ಮದ ಕೆಳಗ ರಕ್ತ ಹರಡತದ, ಕಣ್ಣಿನ ಬಿಳಿಭಾಗ ಕೆಂಪಾಗತದ, ಒಸಡು, ಮೂಗು, ಮೂತ್ರದಾಗ ರಕ್ತ. ದೊಡ್ಡವರಾಗ ಹೆಚ್ಚು, ಬಸುರಿ ಹೆಣಮಕ್ಕಳಿಗೆ ಇನ್ನೂ ಹೆಚ್ಚು. ಜ್ವರ ಬಂದ ಆರನೇ ದಿನದ ಸುಮಾರಿಗೆ ಜೀವ ಹೋಗತಿತ್ತು, ಅಷ್ಟರಾಗ ಬೊಕ್ಕೆ ಅನ್ನೂದು ಕಂಡೇ ಇರತಿರಲಿಲ್ಲ. 1972ರಾಗ ಯುಗೊಸ್ಲಾವಿಯಾದಾಗ ಹೀಗ ಬಂದ ಒಬ್ಬ ಹುಡುಗ ಮಾಸ್ತರರನ್ನ ನೋಡಿ ಪೆನಿಸಿಲಿನ್ ಒಗ್ಗಲಿಲ್ಲ ಅಂತ ತಿಳಕೊಂಡ್ರು. ಆ ಹಾವಳಿ 175 ಮಂದಿಗೆ ಹಬ್ಬಿ 35 ಮಂದಿ ತೀರಿಕೊಂಡ್ರು.

ಎರಡು, ಚಪ್ಪಟೆ ಸಿಡುಬು. ಬೊಕ್ಕೆ ಮ್ಯಾಲೆ ಏಳೂದೇ ಇಲ್ಲ, ಚರ್ಮದ ಮಟ್ಟಕ್ಕ ಮೆತ್ತಗ ಉಳೀತದ. ಮಕ್ಕಳಾಗ ಹೆಚ್ಚು. ದದ್ದು ಬಂದ ಮ್ಯಾಲೂ ಜ್ವರ ಇಳಿಯೂದಿಲ್ಲ. ಈ ಎರಡೂ ತರಹದಾಗ ಬದುಕಿದವರು ಬಾಳ ಕಡಿಮಿ.

ಮೂರನೇದು ಇದರ ಉಲ್ಟಾ, ಲಸಿಕಿ ಹಾಕಿಸಿಕೊಂಡವರಿಗೆ ಬರೂ ಸೌಮ್ಯ ಸಿಡುಬು. ಮೊದಲಿನ ಜ್ವರ, ಸೊಂಟನೋವು ಅಷ್ಟೇ ಜೋರಿರಬಹುದು, ಆದರ ಬೊಕ್ಕೆ ಕಡಿಮಿ, ಮ್ಯಾಲೇ ಇರತಾವ, ಲಗೂನ ಒಣಗತಾವ, ಎರಡನೇ ಸಲದ ಜ್ವರ ಬರೂದಿಲ್ಲ. ಇದನ್ನ ಚಿಕನ್‌ಪಾಕ್ಸ್ ಅಂತ ತಿಳಕೊಂಡು ಬಿಟ್ಟುಬಿಟ್ರ ಆ ಮನುಷ್ಯಾ ಓಡಾಡಿಕೋತ ಊರಿಗೆಲ್ಲ ಹಂಚತಿದ್ದ. ಇವನಿಂದ ಅಂಟಿಸಿಕೊಂಡವನಿಗೆ ಲಸಿಕಿ ಆಗಿರಲಿಲ್ಲಂದ್ರ ಅವನಿಗೆ ಸೌಮ್ಯ ಅಲ್ಲ, ಪೂರಾ ಸಿಡುಬೇ ಬರತಿತ್ತು.

ಅಂಕಿ ಬೇಕಂದ್ರ ಮದ್ರಾಸಿನ ಡಾ. ಎ. ಆರ್. ರಾವ್ ಅವರವು ತೊಗೋರಿ, ಸುಮಾರು 7,000 ರೋಗಿಗಳನ್ನ ನೋಡಿ ಬರದಿಟ್ಟವು. ಲಸಿಕಿ ಇಲ್ಲದವರಾಗ ಮುಖದ ಮ್ಯಾಲಿನ ಬೊಕ್ಕೆ ಒಂದಕ್ಕೊಂದು ಕೂಡಿ, ಮೈಮ್ಯಾಲಿನವೂ ಕೂಡಿದ್ದರ ನೂರರಾಗ 62 ಮಂದಿ ತೀರಿಕೊಂಡಾರ. ಮುಖದಾಗ ಕೂಡಿ ಮೈಮ್ಯಾಲೆ ಬಿಡಿ ಬಿಡಿ ಇದ್ದರ 37. ಎಲ್ಲಾ ಕಡೆ ಬಿಡಿ ಬಿಡಿ ಇದ್ದರ 9. ಅಂದ್ರ ಬೊಕ್ಕೆ ಎಷ್ಟು ಒತ್ತಾಗ್ಯಾವ ಅನ್ನೂದರ ಮ್ಯಾಲೆ ರೋಗಿ ಉಳಿಯೂದು ನಿಂತಿತ್ತು. ಈ ಮೂರು ಅಂಕಿ ಫಲಕದಾಗ ಇರಲೇಬೇಕು ಅಂತ ನನ್ನ ಅಭಿಪ್ರಾಯ. ವೇರಿಯೋಲಾ ಮೈನರ್ ಅಂತ ಇನ್ನೊಂದು ಬಗೆಯ ವೈರಾಣು ಇತ್ತು, ಅದರಾಗ ಸಾಯೂವರು ನೂರಕ್ಕ ಒಬ್ಬರು ಇಲ್ಲಾ ಅದಕ್ಕೂ ಕಡಿಮಿ. ಸೊಮಾಲಿಯಾದ ಕೊನೇ ಪ್ರಕರಣ ಅದೇ.

ಫಲಕ_ಡೊಂಬಿವಲಿ:

ಡಾಕ್ಟರೇ, ಮೇಡಂ, ಪಿಂಪ್ರಿಯ ಸರ್, ಮೂವರಿಗೂ ಧನ್ಯವಾದ. ಜ್ವರದ ಗೆರೆಯನ್ನೂ, ಮೈಯ ಮುಂದಿನ-ಹಿಂದಿನ ಚಿತ್ರವನ್ನೂ ಬಿಡಿಸಲು ಕಲಾವಿದರಿಗೆ ಹೇಳಿದ್ದೇನೆ. ಎರಡು ಸಂಗತಿ ಬಾಕಿ. ಅಂಟುವ ಅವಧಿ ಇನ್ನೂ ಸ್ಪಷ್ಟವಾಗಿಲ್ಲ. ಇನ್ನೊಂದು, ನಮ್ಮಲ್ಲಿನ ಹಿರಿಯರಿಗೆ ತೋಳಿನ ಮೇಲೆ ದೊಡ್ಡ ದುಂಡು ಕಲೆ ಇರುತ್ತದೆ, ಅದನ್ನು ತೋರಿಸಿ "ನಮಗೆ ದೇವಿ ಬಂದಿತ್ತು" ಎನ್ನುತ್ತಾರೆ. ಅದು ರೋಗದ ಕಲೆಯೋ ಲಸಿಕೆಯ ಕಲೆಯೋ ಎಂದು ಫಲಕ ನೋಡಿದವರಿಗೆ ತಿಳಿಯಬೇಕು.

ಲಸಿಕೆ_ಗೋರೆಗಾಂವ್:

ಮೊದಲು ಕಲೆ. ತೋಳಿನಲ್ಲೋ ಮುಂಗೈಯಲ್ಲೋ ಒಂದೆರಡು, ಕೆಲವರಿಗೆ ನಾಲ್ಕು, ಅಗಲವಾದ ದುಂಡು ಕಲೆಗಳಿದ್ದು ಮುಖ ನಯವಾಗಿದ್ದರೆ ಅದು ಲಸಿಕೆ ಹಾಕಿದ ಗುರುತು. ಹಿಂದೆ ಚೂಪು ಹಲ್ಲುಗಳಿರುವ ತಿರುಗು ಉಪಕರಣವನ್ನು ಚರ್ಮಕ್ಕೆ ಒತ್ತಿ ತಿರುಗಿಸಿ ಹಾಕುತ್ತಿದ್ದರು, ಅದಕ್ಕೇ ಅಷ್ಟು ದೊಡ್ಡ ಕಲೆ. ಆಮೇಲೆ ಬಂದದ್ದು ಎರಡು ಮೊನೆಯ ಸೂಜಿ. ಮೊನೆಗಳ ನಡುವೆ ಒಂದು ಹನಿ ಲಸಿಕೆ ನಿಲ್ಲುತ್ತದೆ, ನಾಣ್ಯಕ್ಕಿಂತ ಚಿಕ್ಕ ಜಾಗದಲ್ಲಿ 15 ಸಲ ಚುಚ್ಚಿದರೆ ಮುಗಿಯಿತು. ಮೂರನೇ ನಾಲ್ಕನೇ ದಿನಕ್ಕೆ ಗಂಟು, ವಾರದೊಳಗೆ ಗುಳ್ಳೆ, 8–10ನೇ ದಿನಕ್ಕೆ ಕೀವು, ಮೂರು ವಾರದ ಹೊತ್ತಿಗೆ ಹಕ್ಕಳೆ ಬಿದ್ದು ಕಲೆ. ಗುಳ್ಳೆ ಏಳದಿದ್ದರೆ ಲಸಿಕೆ ಹತ್ತಿಲ್ಲ ಎಂದು ಮತ್ತೆ ಹಾಕುತ್ತಿದ್ದರು. ಚಿಕ್ಕವರ ಎಡತೋಳಿನ ಸಣ್ಣ ಕಲೆ ಇದಲ್ಲ, ಅದು ಕ್ಷಯದ ವಿರುದ್ಧ ಹಾಕುವ ಬಿಸಿಜಿ. ನಮ್ಮ ಬೆಳಗಾವಿಯ ವ್ಯಾಕ್ಸಿನ್ ಇನ್‌ಸ್ಟಿಟ್ಯೂಟ್ ಸಿಡುಬಿನ ಒಣ ಲಸಿಕೆ ತಯಾರಿಸುತ್ತಿದ್ದ ದೇಶದ ನಾಲ್ಕು ಸಂಸ್ಥೆಗಳಲ್ಲಿ ಒಂದು, ಇದನ್ನು ಕನ್ನಡದ ಫಲಕದಲ್ಲಿ ಖಂಡಿತ ಬರೆಯಿರಿ.

ರೋಗದ ಕಲೆ ಮುಖದಲ್ಲಿರುತ್ತದೆ: ಮೂಗು, ಕೆನ್ನೆ, ಹಣೆಯ ಮೇಲೆ ಕುಳಿಗಳು. ಮುಖದ ಚರ್ಮದಲ್ಲಿ ಎಣ್ಣೆಗ್ರಂಥಿಗಳು ಹೆಚ್ಚು. ಬೊಕ್ಕೆ ಆ ಗ್ರಂಥಿಗಳನ್ನೇ ನಾಶ ಮಾಡುವುದರಿಂದ ಅಲ್ಲಿ ಕುಳಿ ಬಿದ್ದು ಜೀವನಪೂರ್ತಿ ಉಳಿಯುತ್ತದೆ. ಕಣ್ಣಿನ ಕರಿಗುಡ್ಡೆಯಲ್ಲಿ ಹುಣ್ಣಾಗಿ ಬಿಳಿ ಪೊರೆ ಬಿದ್ದು ಕುರುಡಾದವರೂ ಬಹಳ. ಮಕ್ಕಳಲ್ಲಿ ಮೊಣಕೈ ಕೀಲಿನ ಮೂಳೆ ಹಾಳಾಗಿ ಕೈ ಸೊಟ್ಟಗಾಗುವುದೂ ಇತ್ತು.

ಇನ್ನು ಅಂಟುವುದು. ಶುರುವಾಗುವುದು ಬಾಯಿಯ ಹುಣ್ಣು ಒಡೆದಾಗ. ದದ್ದು ಕಂಡ ಮೊದಲ ವಾರ ಅತಿ ಹೆಚ್ಚು ಅಪಾಯ. ಕೊನೆಯ ಹಕ್ಕಳೆ ಉದುರುವವರೆಗೂ ರೋಗಿಯನ್ನು ಬೇರೆ ಇಡಲೇಬೇಕಿತ್ತು, ಆದರೆ ಹಕ್ಕಳೆಯೊಳಗಿನ ವೈರಾಣು ಗಟ್ಟಿಯಾಗಿ ಸಿಕ್ಕಿಕೊಂಡಿರುವುದರಿಂದ ಅದರಿಂದ ಹರಡುವುದು ಕಡಿಮೆ. ಹೆಚ್ಚಾಗಿ ಹರಡಿದ್ದು ಎದುರುಬದುರು ಕೂತವರಿಗೆ, ಪಕ್ಕದಲ್ಲಿ ಮಲಗಿದವರಿಗೆ, ಆರೈಕೆ ಮಾಡಿದವರಿಗೆ, ರೋಗಿಯ ಹಾಸಿಗೆ ಬಟ್ಟೆ ಒಗೆದವರಿಗೆ. ತೀವ್ರ ಸಿಡುಬಿನ ರೋಗಿ ನಡೆದಾಡಲಾರ ಎಂಬುದೂ, ಜ್ವರದ ಮೊದಲು ಅಂಟುವುದಿಲ್ಲ ಎಂಬುದೂ ನಿರ್ಮೂಲನೆಗೆ ಅನುಕೂಲವಾಯಿತು. ಒಬ್ಬ ರೋಗಿ ಸಿಕ್ಕಿದರೆ ಅವನ ಸುತ್ತಲಿನವರನ್ನು ಹುಡುಕಿ ಲಸಿಕೆ ಹಾಕಲು ಸಮಯ ಸಿಗುತ್ತಿತ್ತು. ಸೋಂಕು ತಾಗಿದ ನಾಲ್ಕು ದಿನದೊಳಗೆ ಲಸಿಕೆ ಬಿದ್ದರೂ ರೋಗ ತಡೆಯಬಹುದು, ಇಲ್ಲವೇ ಹಗುರಾಗುತ್ತದೆ. ಈ ವೈರಾಣುವಿಗೆ ಮನುಷ್ಯನಲ್ಲದೆ ಬೇರೆ ಪ್ರಾಣಿಯ ಆಸರೆಯೂ ಇರಲಿಲ್ಲ.

ಲಕ್ಷಣ ಗುರುತಿಸುವುದನ್ನು ಜನರಿಗೇ ಕಲಿಸಿದ್ದು ಆ ಕಾರ್ಯಕ್ರಮದ ದೊಡ್ಡ ಕೆಲಸ. ಬೊಕ್ಕೆ ಎದ್ದ ಮಗುವಿನ ಚಿತ್ರವಿರುವ ಕಾರ್ಡ್ ಹಿಡಿದು ಕಾರ್ಯಕರ್ತರು ಸಂತೆಗೆ, ಶಾಲೆಗೆ ಹೋಗಿ "ಇಂಥವರನ್ನು ಕಂಡಿದ್ದೀರಾ" ಎಂದು ಕೇಳುತ್ತಿದ್ದರು. ಸುಳಿವು ಕೊಟ್ಟವರಿಗೆ ಬಹುಮಾನ, 1975ರ ಹೊತ್ತಿಗೆ ಅದು 1,000 ರೂಪಾಯಿಗೆ ಏರಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಅಸ್ಸಾಮಿನ ಕರೀಮ್‌ಗಂಜ್‌ನಲ್ಲಿ ಸಿಕ್ಕಿದ್ದು ಭಾರತದ ಕೊನೆಯ ರೋಗಿ, ಬಾಂಗ್ಲಾದೇಶದಿಂದ ಬಂದಿದ್ದ ಮಹಿಳೆ.

ಮಕ್ಕಳವೈದ್ಯ_ಠಾಣೆ:

ಈ ಫಲಕ ನೋಡಿ ಮನೆಗೆ ಹೋದ ತಾಯಂದಿರು ಮಾರನೇ ದಿನ ಮಗುವಿನ ಅಂಗೈ ನೋಡಿ ಗಾಬರಿಯಾಗಬಾರದು. "ಬಾಯಲ್ಲಿ ಹುಣ್ಣು, ಅಂಗೈ ಅಂಗಾಲಿನಲ್ಲಿ ಗುಳ್ಳೆ" ಎಂದಷ್ಟೇ ಓದಿದರೆ ಅದು ಮಳೆಗಾಲದಲ್ಲಿ ಮುಂಬೈ, ಪುಣೆಯ ಪ್ಲೇಸ್ಕೂಲುಗಳಲ್ಲಿ ಹಬ್ಬುವ ಕೈ-ಕಾಲು-ಬಾಯಿ ರೋಗಕ್ಕೂ ಸರಿಯಾಗಿ ಹೊಂದುತ್ತದೆ. ಅದರಲ್ಲಿ ಜ್ವರ ಕಡಿಮೆ, ಒಂದೆರಡು ದಿನ. ಗುಳ್ಳೆ ಚಿಕ್ಕದು, ಸ್ವಲ್ಪ ಉದ್ದುದ್ದ, ಬೂದು ಬಣ್ಣದ್ದು, ಪೃಷ್ಠದ ಮೇಲೂ ಇರುತ್ತದೆ. ಹಣೆಯ ಮೇಲೆ ಸಿಡುಬಿನಂತೆ ದಟ್ಟವಾಗಿ ಏಳುವುದಿಲ್ಲ. ವಾರ ಹತ್ತು ದಿನದಲ್ಲಿ ಕಲೆ ಇಲ್ಲದೆ ಹೋಗುತ್ತದೆ. ಮಗು ನೀರು ಕುಡಿಯುವುದನ್ನು ನಿಲ್ಲಿಸದಂತೆ ನೋಡಿಕೊಳ್ಳುವುದೇ ಮುಖ್ಯ ಚಿಕಿತ್ಸೆ. ತಣ್ಣನೆಯ ಮಜ್ಜಿಗೆ, ಎಳನೀರು ಚೆನ್ನಾಗಿ ಇಳಿಯುತ್ತದೆ, ಹುಳಿ ಖಾರ ಬೇಡ.

ಈಗ ನಿಜವಾಗಿ ಬರುವುದು ಚಿಕನ್‌ಪಾಕ್ಸ್. ಗುಳ್ಳೆ ಕಾಣುವ ಒಂದೆರಡು ದಿನ ಮೊದಲೇ ಅಂಟುತ್ತದೆ, ಎಲ್ಲ ಗುಳ್ಳೆಯೂ ಹಕ್ಕಳೆ ಕಟ್ಟುವವರೆಗೆ ಮಗುವನ್ನು ಶಾಲೆಗೆ ಕಳಿಸಬಾರದು. ಉಗುರು ಕತ್ತರಿಸಿ, ಜ್ವರಕ್ಕೆ ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್ ಕೊಡಿ. ಮಕ್ಕಳಿಗೆ ಆಸ್ಪಿರಿನ್ ಬೇಡವೇ ಬೇಡ, ಯಕೃತ್ತು ಮತ್ತು ಮೆದುಳಿಗೆ ಏಟು ಬೀಳುವ ಅಪಾಯವಿದೆ. ಸ್ನಾನ ಮಾಡಿಸಬಾರದೆಂಬ ನಿಯಮ ಏನಿಲ್ಲ; ಬೆಚ್ಚಗಿನ ನೀರಿನ ಸ್ನಾನ ಕೆರೆತ ತಗ್ಗಿಸುತ್ತದೆ, ಕೊಳೆಯಿಂದ ಗುಳ್ಳೆ ಕೀವಾಗುವುದನ್ನೂ ತಡೆಯುತ್ತದೆ. ಬೇವಿನ ಎಲೆ ಪಕ್ಕದಲ್ಲಿಟ್ಟರೆ ತೊಂದರೆಯಿಲ್ಲ, ಆದರೆ ಅದರ ನೆಪದಲ್ಲಿ ಡಾಕ್ಟರ ಬಳಿ ಹೋಗುವುದನ್ನು ಮುಂದೂಡಬಾರದು. ದೊಡ್ಡವರು, ಬಸುರಿಯರು, ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವವರು ಗುಳ್ಳೆ ಕಂಡ 24 ಗಂಟೆಯೊಳಗೆ ವೈದ್ಯರನ್ನು ಕಾಣಬೇಕು, ವೈರಾಣು ತಡೆಯುವ ಮಾತ್ರೆ ಆ ಅವಧಿಯಲ್ಲಿ ಶುರು ಮಾಡಿದರೆ ಹೆಚ್ಚು ಉಪಯೋಗ. ಉಸಿರು ಕಟ್ಟಿದಂತಾದರೆ, ಮಂಪರು ಹತ್ತಿದರೆ, ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ.

ಸಿಡುಬಿನ ಕುಟುಂಬದ ಇನ್ನೊಂದು ವೈರಾಣು ಎಂಪಾಕ್ಸ್ (ಹಿಂದೆ ಮಂಕಿಪಾಕ್ಸ್ ಎನ್ನುತ್ತಿದ್ದದ್ದು). ಬೊಕ್ಕೆ ಗಟ್ಟಿ, ಆಳ, ನಡುವೆ ತಗ್ಗು, ನೋಡಲು ಸಿಡುಬಿನಂತೆಯೇ. ವ್ಯತ್ಯಾಸ ಗಡ್ಡೆಯಲ್ಲಿ: ಎಂಪಾಕ್ಸ್‌ನಲ್ಲಿ ಕುತ್ತಿಗೆ, ಕಂಕುಳು, ತೊಡೆಸಂದಿನ ಗಡ್ಡೆಗಳು ಊದುತ್ತವೆ. ಸಿಡುಬಿನಲ್ಲಿ ಹಾಗೆ ಎದ್ದು ಕಾಣುವುದಿಲ್ಲ. 2022ರಿಂದ ಹರಡಿದ ಬಗೆಯಲ್ಲಿ ಬೊಕ್ಕೆ ಗುಪ್ತಾಂಗದ ಬಳಿ ಮಾತ್ರ, ಅದೂ ಕೆಲವೇ, ಎದ್ದದ್ದು ಉಂಟು. ಜ್ವರ ದದ್ದಿನ ನಂತರ ಬಂದದ್ದೂ ಉಂಟು. ಅನುಮಾನ ಬಂದರೆ ಬೇರೆ ಕೋಣೆ, ಮಾಸ್ಕ್, ಬೊಕ್ಕೆ ಮುಚ್ಚುವ ಬಟ್ಟೆ, ಬೇರೆ ಟವೆಲ್. ಲೋಕಲ್ ಟ್ರೇನ್ ಹತ್ತುವ ಮೊದಲು ಆಸ್ಪತ್ರೆಗೆ ಫೋನ್. ಮುಂಬೈಯಲ್ಲಿ ಕಸ್ತೂರಬಾ ಆಸ್ಪತ್ರೆ, ಪುಣೆಯಲ್ಲಿ ನಾಯ್ಡು ಆಸ್ಪತ್ರೆ ಸೋಂಕುರೋಗಗಳಿಗೇ ಇರುವಂಥವು. ಬೊಕ್ಕೆಯ ದ್ರವ, ಹಕ್ಕಳೆಯ ಮಾದರಿಯನ್ನು ಪಿಸಿಆರ್ ಪರೀಕ್ಷೆ ಮಾಡುತ್ತಾರೆ. ಪುಣೆಯ ಎನ್‌ಐವಿ (ರಾಷ್ಟ್ರೀಯ ವೈರಾಣು ಸಂಸ್ಥೆ) ಇದರ ಮುಖ್ಯ ಪ್ರಯೋಗಾಲಯ.

ಫಲಕ_ಡೊಂಬಿವಲಿ:

ಕರಡು ಹೀಗೆ ಮಾಡಿದ್ದೇನೆ, ನೋಡಿ ಹೇಳಿ:

"ಸಿಡುಬು: 2–4 ದಿನ ಜೋರು ಜ್ವರ, ಸೊಂಟನೋವು, ರೋಗಿ ಹಾಸಿಗೆ ಹಿಡಿಯುತ್ತಾನೆ. ಬಾಯಲ್ಲಿ ಹುಣ್ಣು. ಆಮೇಲೆ ಮುಖ ಮತ್ತು ಮುಂಗೈಯಲ್ಲಿ ದದ್ದು, ಒಂದು ದಿನದಲ್ಲಿ ಮೈಪೂರ್ತಿ, ಅಂಗೈ ಅಂಗಾಲಿಗೂ. ಬೊಕ್ಕೆ ಆಳ, ಗಟ್ಟಿ, ಎಲ್ಲವೂ ಒಂದೇ ಹಂತದಲ್ಲಿ. ಕೀವು ತುಂಬುವಾಗ ಮತ್ತೆ ಜ್ವರ. ಮೂರು ವಾರಕ್ಕೆ ಹಕ್ಕಳೆ ಉದುರಿ ಮುಖದಲ್ಲಿ ಕುಳಿ."

ಶುಶ್ರೂಷೆ_ಪಣಜಿ:

ಚೆನ್ನಾಗಿದೆ. ಒಂದೇ ತಿದ್ದುಪಡಿ: "ಎಲ್ಲವೂ ಒಂದೇ ಹಂತದಲ್ಲಿ" ಎನ್ನುವ ಬದಲು "ಮೈಯ ಯಾವುದೇ ಒಂದು ಭಾಗದಲ್ಲಿ ಎಲ್ಲವೂ ಒಂದೇ ಹಂತದಲ್ಲಿ" ಎಂದು ಬರೆಯಿರಿ. ಮುಖದಲ್ಲಿ ಮೊದಲು ಏಳುವುದರಿಂದ ಮುಖದ ಬೊಕ್ಕೆ ಕಾಲಿನ ಬೊಕ್ಕೆಗಿಂತ ಒಂದು ಹೆಜ್ಜೆ ಮುಂದಿರಬಹುದು. ಮುಖವನ್ನೂ ಪಾದವನ್ನೂ ಹೋಲಿಸಿ "ಹಂತ ಬೇರೆ ಇದೆ, ಆದ್ದರಿಂದ ಚಿಕನ್‌ಪಾಕ್ಸ್" ಎಂದು ತೀರ್ಮಾನಿಸುವುದು ತಪ್ಪು.

ಸೋಂಕುರೋಗ_ಪುಣೆ:

ಮೇಡಂ ಹೇಳಿದ್ದು ಸರಿ. ಚಿತ್ರಕ್ಕೂ ಒಂದು ಸೂಚನೆ: ಸಿಡುಬಿನ ಆಕೃತಿಯ ಪಕ್ಕದಲ್ಲೇ ಅದೇ ಅಳತೆಯ ಚಿಕನ್‌ಪಾಕ್ಸ್ ಆಕೃತಿ ಇರಲಿ, ಎರಡರಲ್ಲೂ ತೋಳು ಮೇಲೆತ್ತಿ ಕಂಕುಳು ಕಾಣುವಂತೆ, ಅಂಗೈ ನೋಡುವವರ ಕಡೆ ತಿರುಗಿರುವಂತೆ ಬಿಡಿಸಲಿ. ಬೆನ್ನಿನ ಚಿತ್ರ ಸಣ್ಣದಾದರೂ ಸಾಕು. ಚಿಕನ್‌ಪಾಕ್ಸ್‌ನ ಆಕೃತಿಯಲ್ಲಿ ಚುಕ್ಕೆ, ನೀರುಗುಳ್ಳೆ, ಹಕ್ಕಳೆಗೆ ಮೂರು ಬೇರೆ ಬಣ್ಣ ಕೊಡಿ. ಸಿಡುಬಿನ ಆಕೃತಿಗೆ ಒಂದೇ ಬಣ್ಣ.